300 ಗಂಟೆಗಳ ಸ್ಕ್ಯಾನಿಂಗ್ ಪರಿಣತಿ

ಗರ್ಭಿಣಿಯರಿಗೆ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಮಾಡುವ ಅಧಿಕಾರ ಯಾರಿಗಿರಬೇಕೆಂಬ ವಿವಾದದ ಬೇರು ಇರುವುದು ವೈದ್ಯಕೀಯ ಶಿಕ್ಷಣದ ನಿಯಮಾವಳಿಯಲ್ಲಲ್ಲ, ಭ್ರೂಣಲಿಂಗ ಪತ್ತೆಯನ್ನು ತಡೆಯಲು 1994ರಲ್ಲಿ ರೂಪುಗೊಂಡು ಈಗ ಪಿಸಿಪಿಎನ್‌ಡಿಟಿ ಎನಿಸಿಕೊಂಡಿರುವ ಕಾಯ್ದೆಯಲ್ಲಿ. ಅದರಡಿ 2014ರಲ್ಲಿ ಬಂದ ನಿಯಮಗಳು ಎಂಬಿಬಿಎಸ್ ವೈದ್ಯರಿಗೆ ಆರು ತಿಂಗಳ, ಒಟ್ಟು 300 ಗಂಟೆಗಳ ತರಬೇತಿಯನ್ನು ಗೊತ್ತುಪಡಿಸಿದವು. ದೆಹಲಿ ಹೈಕೋರ್ಟ್ 2016ರಲ್ಲಿ ಅವನ್ನು ತಳ್ಳಿಹಾಕಿತಾದರೂ ಸುಪ್ರೀಂ ಕೋರ್ಟ್ 2018ರಲ್ಲಿ ಆ ತೀರ್ಪಿಗೆ ತಡೆ ನೀಡಿತು.

ಆರು ತಿಂಗಳಿಗೆ ಹಂಚಿದರೆ 300 ಗಂಟೆಯೆಂಬುದು ಭಾನುವಾರ ಬಿಟ್ಟು ದಿನಕ್ಕೆ ಎರಡು ಗಂಟೆಯೂ ಆಗದು. ನೀಟ್ ಪಿಜಿಯಲ್ಲಿ ಮೇಲಿನ ರ‍್ಯಾಂಕ್ ಪಡೆದು, ರೇಡಿಯೋಡಯಾಗ್ನೋಸಿಸ್‌ನಲ್ಲಿ, ಅಂದರೆ ದೇಹದೊಳಗಿನ ಚಿತ್ರಗಳಿಂದ ರೋಗ ಗುರುತಿಸುವ ಶಾಸ್ತ್ರದಲ್ಲಿ, ಮೂರು ವರ್ಷ ಎಂಡಿ ಓದಿದವರು ಇದನ್ನು ಅಪಮಾನವೆಂದು ಬಗೆದರೆ ಆಶ್ಚರ್ಯವಿಲ್ಲ. ಆದರೆ ಅವರ ವಾದದಲ್ಲಿ ಅರ್ಧ ಮಾತ್ರ ನಿಜ. ಭ್ರೂಣದ ಹೃದಯ ಬಡಿತ, ಗರ್ಭದ ವಯಸ್ಸು, ಮಾಸು ಇರುವ ಜಾಗ, ಗರ್ಭಜಲದ ಪ್ರಮಾಣ ಇವಿಷ್ಟನ್ನು ನೋಡಲು ಪ್ರಾಮಾಣಿಕವಾಗಿ ಕಲಿಸಿದ 300 ಗಂಟೆ ಸಾಕು. ಅದು ಸಾಲದಿರುವುದು 18ರಿಂದ 20ನೆಯ ವಾರದ ಅನಾಮಲಿ ಸ್ಕ್ಯಾನ್‌ಗೆ: ಅಂಗರಚನೆಯ ದೋಷಗಳನ್ನು ಹುಡುಕುವ ಈ ಪರೀಕ್ಷೆಯಲ್ಲಿ, ಮಗು ಹೊರಳಿದಂತೆಲ್ಲ ಪರದೆಯಿಂದ ಜಾರಿಹೋಗುವ ಪುಟ್ಟ ಹೃದಯದ ನಾಲ್ಕು ಕೋಣೆಗಳನ್ನೂ ಅಲ್ಲಿಂದ ಹೊರಡುವ ರಕ್ತನಾಳಗಳನ್ನೂ ಬಿಡಿಸಿ ನೋಡಬೇಕು. ಇಲ್ಲಿ ಕಣ್ತಪ್ಪಿದ ಗಂಭೀರ ದೋಷ 24 ವಾರ ಕಳೆದು ಬಯಲಾದರೆ, ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯಂತೆ ಗರ್ಭಪಾತಕ್ಕೆ ಆ ಹೆಣ್ಣು ವೈದ್ಯಕೀಯ ಮಂಡಳಿಯ ಅನುಮತಿಗೆ ಕಾಯಬೇಕಾಗುತ್ತದೆ.

ಹಾಗೆಂದು ಸ್ಕ್ಯಾನಿಂಗ್ ತಮ್ಮದೇ ಸ್ವತ್ತೆಂಬ ರೇಡಿಯಾಲಜಿಸ್ಟರ ಪಟ್ಟನ್ನು ಒಪ್ಪಲಾಗದು; ನಿಗದಿತ ಕೆಲಸದ ವೇಳೆ, ಖಾಸಗಿ ಡಯಾಗ್ನೋಸ್ಟಿಕ್ ಕೇಂದ್ರಗಳ ಸಂಪಾದನೆ, ದೂರದಿಂದಲೇ ವರದಿ ಬರೆಯುವ ಟೆಲಿರೇಡಿಯಾಲಜಿ ಇವುಗಳನ್ನು ನೆಚ್ಚಿ ಈ ವಿಭಾಗವನ್ನು ಆರಿಸಿಕೊಂಡವರು ಸಿಂಧನೂರಿಗೋ ಹೂವಿನಹಡಗಲಿಗೋ ಹೋಗಿ ನೆಲೆಸುವುದು ಅಪರೂಪ. ಹೋಗಲೊಪ್ಪುವವರಿಗೆ ಕಾನೂನೇ ಅಡ್ಡ ನಿಂತಿದೆ. 2012ರಲ್ಲಿ ಸೇರಿಸಿದ ನಿಯಮವು ಒಬ್ಬ ವೈದ್ಯರಿಗೆ ಒಂದು ಜಿಲ್ಲೆಯಲ್ಲಿ ಎರಡೇ ಕೇಂದ್ರಗಳ ಮಿತಿ ಹಾಕಿದ್ದರಿಂದ ದಿನಕ್ಕೊಂದು ತಾಲ್ಲೂಕಿನಂತೆ ಸುತ್ತಿ ಬರುವ ದಾರಿ ಮುಚ್ಚಿತು. ಲಿಂಗ ಪತ್ತೆಯ ದಂಧೆ ನಡೆಸಿದವರಿಗೆ ಹಾಕಿದ ಬೇಲಿಯಿದು, ನಿಷ್ಕಾರಣವಾದದ್ದೇನಲ್ಲ. ಆದರೂ ಸರ್ಕಾರಿ ಆಸ್ಪತ್ರೆಗಳ ಮಟ್ಟಿಗೆ ಅದನ್ನು ಸಡಿಲಿಸದಿರಲು ಕಾರಣ ಕಾಣದು.

300 ಗಂಟೆಗಳ ಪ್ರಮಾಣಪತ್ರ ಪಡೆದವರನ್ನು ಪ್ರಾಥಮಿಕ ಸ್ಕ್ಯಾನ್‌ಗಳಿಗೆ ಸೀಮಿತಗೊಳಿಸಿ, ಸ್ನಾತಕೋತ್ತರ ವಿದ್ಯಾರ್ಥಿಗಳೆಲ್ಲ ಜಿಲ್ಲಾ ಆಸ್ಪತ್ರೆಯಲ್ಲಿ ಕಡ್ಡಾಯವಾಗಿ ಕಳೆಯುವ ಮೂರು ತಿಂಗಳ 'ಜಿಲ್ಲಾ ರೆಸಿಡೆನ್ಸಿ'ಯಲ್ಲಿ ರೇಡಿಯಾಲಜಿಯವರಿಗೆ ಹಿರಿಯರ ಉಸ್ತುವಾರಿಯಲ್ಲಿ ಅನಾಮಲಿ ಸ್ಕ್ಯಾನ್‌ನ ಹೊಣೆ ವಹಿಸಲು ಹೊಸ ಕಾಯ್ದೆಯೇನೂ ಬೇಕಿಲ್ಲ.