ಜಕ್ಕೂರಿನ ಸೈಟಿಗೆ ಬಣ್ಣ ಹಚ್ಚೋರು ಯಾರು?

ಜಕ್ಕೂರಿನಲ್ಲಿ ಸೈಟ್ ನೋಡೋಕೆ ಹೋದವರಿಗೆ ಈ ಮಾತು ಬಾಯಿಪಾಠ ಆಗಿರುತ್ತೆ: "ಡಿಸಿ ಕನ್ವರ್ಷನ್ ಆಗಿದೆ, ಖಾತೆ ಇದೆ, ತೆರಿಗೆ ಕಟ್ಟಿದೀವಿ. ಇನ್ನೇನು ಬೇಕು ಸರ್?" ಇನ್ನೊಂದು ಬೇಕು. ಅದನ್ನು ಬ್ರೋಕರ್ ತಾನಾಗಿ ಹೇಳೋದು ಕಡಿಮೆ. ಮಾಸ್ಟರ್ ಪ್ಲಾನ್ ನಕ್ಷೆಯಲ್ಲಿ ಆ ಸರ್ವೆ ನಂಬರಿಗೆ ಯಾವ ಬಣ್ಣ ಇದೆ ಅನ್ನೋದು.

ಹಳದಿ ಅಂದರೆ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಹಸಿರು ಅಂದರೆ ಪಾರ್ಕು, ಬಯಲು. ಪಹಣಿ ಜಮೀನು ಯಾರದ್ದು ಅಂತ ಹೇಳುತ್ತೆ, ಭೂ ಪರಿವರ್ತನೆ ಅದು ಇನ್ನು ಕೃಷಿ ಜಮೀನಲ್ಲ ಅಂತ ಹೇಳುತ್ತೆ. ಖಾತೆ ತೆರಿಗೆ ಕಟ್ಟೋರು ಯಾರು ಅಂತಷ್ಟೇ ಹೇಳುತ್ತೆ. ಅಲ್ಲಿ ಏನು ಕಟ್ಟಬಹುದು, ಎಷ್ಟು ಎತ್ತರ, ಎಷ್ಟು ಜಾಗ ಬಿಟ್ಟು ಅನ್ನೋದನ್ನು ನಿರ್ಧರಿಸೋದು ನಕ್ಷೆಯ ಬಣ್ಣ ಮತ್ತು ಅದರ ಜೊತೆಗಿರುವ ವಲಯ ನಿಯಮಾವಳಿ. ಒಂದು ಕಾಗದ ಇದ್ದ ಮಾತ್ರಕ್ಕೆ ಇನ್ನೊಂದು ಸಿಕ್ಕಿದ ಹಾಗಲ್ಲ. ಎಂಜಿನಿಯರಿಂಗ್‌ನಲ್ಲಿ ನಮಗೆ ನಕ್ಷೆ ಓದೋದು ಕಲಿಸಿದ್ರು, ಅದಕ್ಕೆ ಬಣ್ಣ ಹಚ್ಚೋದು ಯಾರು ಅಂತ ಕಲಿಸಲಿಲ್ಲ. ಅದು ಗೊತ್ತಾಗಿದ್ದು ಪತ್ರಿಕೋದ್ಯಮಕ್ಕೆ ಬಂದ ಮೇಲೆ.

ಈಗ ನಾವು ನೋಡುವ ನಕ್ಷೆ ಯಾವುದು? 2007ರ ಜೂನ್‌ನಲ್ಲಿ ಸರ್ಕಾರ ಒಪ್ಪಿದ, 2015ರವರೆಗಿನ ಪರಿಷ್ಕೃತ ಮಾಸ್ಟರ್ ಪ್ಲಾನ್. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಹತ್ತು ವರ್ಷಕ್ಕೊಮ್ಮೆಯಾದರೂ ಇದನ್ನು ಪರಿಷ್ಕರಿಸಬೇಕು. 2031ರ ಕರಡು 2017ರ ನವೆಂಬರ್‌ನಲ್ಲಿ ಬಂತು, 2020ರಲ್ಲಿ ಸರ್ಕಾರ ಅದನ್ನು ವಾಪಸ್ ತಗೊಂಡಿತು. ಅಲ್ಲಿಗೆ ಒಂದು ಕೋಟಿ ದಾಟಿದ ಊರು ವಾಯಿದೆ ಮುಗಿದ ನಕ್ಷೆ ಹಿಡಿದುಕೊಂಡೇ ಬೆಳೀತಾ ಹೋಯಿತು.

ನಕ್ಷೆ ಹಳೆಯದಾದರೆ ವಿನಾಯಿತಿಗಳ ಬೆಲೆ ಏರುತ್ತೆ. ಅದೇ ಕಾಯ್ದೆಯ ಕಲಂ 14ಎ ಅಡಿ, ಸರ್ಕಾರದ ಒಪ್ಪಿಗೆಯಿದ್ದರೆ ಒಂದೊಂದೇ ಸರ್ವೆ ನಂಬರಿನ ಭೂಬಳಕೆ ಬದಲಾಯಿಸಬಹುದು. ಅದಕ್ಕೆ ಮುಂಚೆ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಆಕ್ಷೇಪಣೆಗೆ ಕನಿಷ್ಠ 15 ದಿನ ಬಿಡಬೇಕು. ಟೆಂಡರ್ ನೋಟಿಸುಗಳ ನಡುವೆ ಇರುವೆ ಸಾಲಿನಂಥ ಅಕ್ಷರದಲ್ಲಿ ಬರುವ ಆ ಪ್ರಕಟಣೆಯನ್ನು ನೀವು ಕೊನೆಯದಾಗಿ ಓದಿದ್ದು ಯಾವಾಗ? ನಾನೂ ಓದುತ್ತಿರಲಿಲ್ಲ. ಆದರೆ ಬಿಲ್ಡರ್‌ಗಳ ವಕೀಲರು ಓದ್ತಾರೆ.

ಇದರಲ್ಲಿ ಏನು ತಪ್ಪು ಅಂತ ಕೇಳೋರಿಗೆ ಜಕ್ಕೂರಿನಲ್ಲೇ ಉತ್ತರ ಇದೆ: ಅರ್ಕಾವತಿ ಬಡಾವಣೆ. 2003ರ ಫೆಬ್ರುವರಿಯಲ್ಲಿ ಬಿಡಿಎ ಜಕ್ಕೂರು, ರಾಚೇನಹಳ್ಳಿ, ಥಣಿಸಂದ್ರ, ಸಂಪಿಗೆಹಳ್ಳಿ ಸೇರಿ 16 ಹಳ್ಳಿಗಳ 3,339 ಎಕರೆಗೆ ಪ್ರಾಥಮಿಕ ಅಧಿಸೂಚನೆ ಹೊರಡಿಸಿತು. ಮರುವರ್ಷದ ಅಂತಿಮ ಅಧಿಸೂಚನೆ ಹೊತ್ತಿಗೆ ಅದು 2,750 ಎಕರೆ. 2005ರಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಸ್ವಾಧೀನವನ್ನೇ ರದ್ದು ಮಾಡಿತು, ಅದೇ ವರ್ಷ ವಿಭಾಗೀಯ ಪೀಠ ಷರತ್ತು ಹಾಕಿ ಉಳಿಸಿತು. 2010ರ ಮೇ 5ರಂದು ಬೊಂದು ರಾಮಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ವಾಧೀನವನ್ನು ಉಳಿಸಿಕೊಂಡೇ, ಕೆಲವು ಜಮೀನಿನವರು ಕೈಬಿಡುವಂತೆ ಕೇಳಬಹುದು ಅಂದಿತು. ಪೂರ್ತಿ ಕಟ್ಟಡ ಬಂದ ಜಾಗ, ನರ್ಸರಿ, ನಡೆಯುತ್ತಿರುವ ಕಾರ್ಖಾನೆ, ಶಾಲೆ ಅಥವಾ ಧಾರ್ಮಿಕ ಸಂಸ್ಥೆಯ ಕಟ್ಟಡ, ಮತ್ತು ಹಸಿರು ಪಟ್ಟಿಯಲ್ಲಿರುವ ಜಮೀನು. ಪಕ್ಕದವರ ಇಂಥದೇ ಜಮೀನನ್ನು ಬಿಟ್ಟು ನಮ್ಮದನ್ನು ಮಾತ್ರ ಸೇರಿಸಿದ್ದೀರಿ ಅನ್ನೋರಿಗೂ ಅವಕಾಶ ಸಿಕ್ಕಿತು.

ಇಲ್ಲಿ ಸ್ವಲ್ಪ ನಿಂತು ನೋಡಿ. ಹಸಿರು ಪಟ್ಟಿ ಇದ್ದದ್ದು ಊರು ಎಲ್ಲಾದರೂ ಒಂದು ಕಡೆ ನಿಲ್ಲಲಿ ಅಂತ. ಆ ಹಸಿರಿನಲ್ಲೇ ಲೇಔಟ್ ಹಾಕೋಕೆ ಹೊರಟದ್ದು ಸರ್ಕಾರದ ಸಂಸ್ಥೆ. ಸ್ವಾಧೀನ ತಪ್ಪಿಸಿಕೊಳ್ಳೋಕೆ ಅದೇ ಹಸಿರು ಬಣ್ಣ ಬಾಗಿಲಾಯಿತು. ರೈತನಿಗೆ ಆ ಬಾಗಿಲು ನ್ಯಾಯವೇ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಅರ್ಜಿ ಒಂದೊಂದಾಗಿ ತೀರ್ಮಾನವಾಗುವ ಕಡೆ ಫೈಲ್ ಹಿಂದೆ ಓಡಾಡಬಲ್ಲವರಿಗೂ ಓಡಾಡಲಾಗದವರಿಗೂ ಒಂದೇ ಬಾಗಿಲು ಸಿಗೋದಿಲ್ಲ. 2014ರಲ್ಲಿ 541 ಎಕರೆ ಕೈಬಿಟ್ಟ ಆರೋಪ ಎದ್ದು, "ರೀಡೂ" ಅನ್ನೋ ಪದ ಮನೆಮಾತಾಯಿತು. ಡಿನೋಟಿಫಿಕೇಶನ್ ಹಗರಣ ಅಂತ ಬಿಜೆಪಿ, ಕೋರ್ಟ್ ಆದೇಶದ ಪಾಲನೆ ಅಂತ ಸಿದ್ದರಾಮಯ್ಯ ಸರ್ಕಾರ. ನ್ಯಾಯಮೂರ್ತಿ ಎಚ್.ಎಸ್. ಕೆಂಪಣ್ಣ ಆಯೋಗ 2017ರಲ್ಲಿ ವರದಿ ಕೊಟ್ಟಿತು. ಬೈಗುಳದ ಗದ್ದಲದಲ್ಲಿ ಇಬ್ಬರು ಹಿಂದೆ ಉಳಿದರು: ಜಮೀನು ಕಳಕೊಂಡ ಸಣ್ಣ ಹಿಡುವಳಿದಾರ, ದುಡ್ಡು ಕಟ್ಟಿ ಸೈಟಿಗಾಗಿ ಕಾದ ಹಂಚಿಕೆದಾರ.

ಕೆರೆಯ ಕಡೆ ಬಂದರೂ ಇದೇ ಕಥೆ. 2015ರ ಪ್ಲಾನ್ ಪ್ರಕಾರ ಕೆರೆಯಂಚಿನಿಂದ 30 ಮೀಟರ್ ಬಿಡಬೇಕು. ರಾಜಕಾಲುವೆಗಳಾದರೆ ದರ್ಜೆಗೆ ತಕ್ಕಂತೆ 50, 25, 15 ಮೀಟರ್. 2016ರ ಮೇ ತಿಂಗಳಲ್ಲಿ ಬೆಳ್ಳಂದೂರು–ಅಗರದ ಕೇಸಿನಲ್ಲಿ ಹಸಿರು ನ್ಯಾಯಮಂಡಳಿ ಬೆಂಗಳೂರಿನ ಎಲ್ಲ ಕೆರೆಗೂ 75 ಮೀಟರ್ ಅಂದಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿ ಹಳೆಯ ಅಳತೆಗೇ ತಂದಿತು. ಜಕ್ಕೂರು ಕೆರೆಯಿಂದ 50 ಮೀಟರ್ ದೂರದ ಒಂದು ಖಾಲಿ ಜಾಗ ಊಹಿಸಿಕೊಳ್ಳಿ. ಮೂರು ವರ್ಷದಲ್ಲಿ ಅದು ಕಟ್ಟಬಹುದಾದ ಜಾಗ, ಕಟ್ಟಬಾರದ ಜಾಗ, ಮತ್ತೆ ಕಟ್ಟಬಹುದಾದ ಜಾಗ ಆಯಿತು. ಮಣ್ಣು ಕದಲಲಿಲ್ಲ, ನೀರೂ ಕದಲಲಿಲ್ಲ. ಸಂಸ್ಕರಿಸಿದ ಕೊಳಚೆ ನೀರಿನಿಂದ ಬದುಕಿಕೊಂಡ ಕೆರೆ ಇದು ಅಂತ ದೇಶವೆಲ್ಲ ಹೊಗಳುವಾಗ, ಅದರ ಅಂಚು ಎಲ್ಲಿ ಮುಗಿಯುತ್ತೆ ಅನ್ನೋದೇ ತಕರಾರು.

ಸೈಟ್ ಕೊಳ್ಳುವ ಯೋಗ್ಯತೆ ನಮಗೆಲ್ಲಿದೆ, ಬಾಡಿಗೆ ಕಟ್ಟೋದೇ ಕಷ್ಟ, ಇದೆಲ್ಲ ಯಾಕೆ ಬೇಕು ಅಂತ ಅನ್ನಿಸಬಹುದು. ಆದರೆ ಬಾಡಿಗೆ ಮನೆಯ ಮುಂದಿನ ರಸ್ತೆ 20 ಅಡಿಯೋ 40 ಅಡಿಯೋ, ಪಕ್ಕದ ಬಯಲು ಆಟದ ಮೈದಾನವೋ ಮಾಲೋ, ಮಳೆ ಬಂದಾಗ ನೀರು ಕಾಲುವೆಗೆ ಹೋಗುತ್ತೋ ನೆಲಮಾಳಿಗೆಗೋ ಅನ್ನೋದೆಲ್ಲ ಆ ಬಣ್ಣದಲ್ಲೇ ಅಡಗಿದೆ.

ಬಿಬಿಎಂಪಿ ಹೋಗಿ 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ಪಾಲಿಕೆಗಳು ಬಂದಿವೆ. ಹೊಸ ಮಾಸ್ಟರ್ ಪ್ಲಾನಿನ ಕರಡು ಯಾವಾಗ ಹೊರಬಂದರೂ ಸಾರ್ವಜನಿಕರ ಅಭಿಪ್ರಾಯಕ್ಕೆ ಕಾಯ್ದೆ ಕೊಡುವ ಸಮಯ 60 ದಿನ. ಆಗ ನಿಮ್ಮ ವಾರ್ಡಿನ ಹಾಳೆಯನ್ನೂ 2007ರ ಹಾಳೆಯನ್ನೂ ಅಕ್ಕಪಕ್ಕ ಇಟ್ಟು, ಹಸಿರು ಇದ್ದ ಕಡೆ ಹಳದಿ ಬಂದಿರುವ ಸರ್ವೆ ನಂಬರುಗಳನ್ನು ಬರೆದುಕೊಳ್ಳಿ. ಆ ಜಮೀನುಗಳ ಮೇಲೆ 14ಎ ಪ್ರಕಟಣೆ ಬಂದಿತ್ತಾ, ಯಾವ ತಾರೀಕು, ಆಕ್ಷೇಪಣೆ ಎಷ್ಟು ಬಂತು ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. ಅರ್ಜಿ ಶುಲ್ಕ 10 ರೂಪಾಯಿ.