ಕಾಲ ಹನ್ನೆರಡು, ಬೇಕಾದದ್ದು ಐದು

ಕಳೆದ ವರ್ಷ ಬೆಂಗಳೂರಿನ ಒಂದು ಕಂಪನಿಯಲ್ಲಿ ಅಕೌಂಟ್ಸ್ ಕೆಲಸದ ಸಂದರ್ಶನಕ್ಕೆ ಹೋಗಿದ್ದೆ. ಚಿಂತಾಮಣಿಯಿಂದ ಬೆಳಗಿನ ಬಸ್ಸು ಹತ್ತಿ, ಹೊಸಕೋಟೆ ದಾಟುವವರೆಗೂ ಸ್ಪೋಕನ್ ಇಂಗ್ಲಿಷ್ ಕ್ಲಾಸಿನ ಟೆನ್ಸ್ ಚಾರ್ಟನ್ನು ಮನಸ್ಸಿನಲ್ಲೇ ಒಪ್ಪಿಸಿಕೊಂಡೆ. ಹನ್ನೆರಡೂ ಕಾಲಗಳು ತಪ್ಪಿಲ್ಲದೆ ಬಂದವು.

ಅಲ್ಲಿ ಕೇಳಿದ್ದು, ಈಗ ಏನು ಮಾಡುತ್ತಿದ್ದೀರಿ ಎಂದು. ಎರಡು ವರ್ಷದಿಂದ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದೇನೆ ಎನ್ನಬೇಕಿತ್ತು. ಬಾಯಿಂದ ಬಂದದ್ದು 'ಐ ವರ್ಕ್ಡ್ ಇನ್ ಎ ಮಂಡಿ ಫಾರ್ ಟು ಇಯರ್ಸ್'. 'ಯಾವಾಗ ಬಿಟ್ಟಿರಿ? ಯಾಕೆ ಬಿಟ್ಟಿರಿ?' ಎಂದರು. ನಾನು ಬಿಟ್ಟೇ ಇರಲಿಲ್ಲ. ಅದನ್ನು ವಿವರಿಸಲು ಹೋಗಿ ಇನ್ನಷ್ಟು ಗೋಜಲು ಮಾಡಿಕೊಂಡೆ. ಏನೋ ಮುಚ್ಚಿಡುತ್ತಿದ್ದಾನೆ ಎಂದುಕೊಂಡರೇನೋ, ಮತ್ತೆ ಕರೆ ಬರಲಿಲ್ಲ.

ನನಗೆ ಇಂಗ್ಲಿಷ್ ಬರುವುದಿಲ್ಲ ಎಂದು ಬಹಳ ದಿನ ಬೇಸರದಲ್ಲಿದ್ದೆ. ಈಗ ಹಾಗನ್ನಿಸುವುದಿಲ್ಲ. ನಮಗೆ ಕಲಿಸುವ ಕ್ರಮದಲ್ಲೇ ಏನೋ ತಪ್ಪಿದೆ. ಚಾರ್ಟಿನಲ್ಲಿ ಹನ್ನೆರಡು ಮನೆಗಳಿಗೂ ಒಂದೇ ಅಳತೆ. ದಿನಕ್ಕೆ ಐವತ್ತು ಸಲ ಬೇಕಾಗುವ 'ವರ್ಕ್ಡ್'ಗೂ, ವರ್ಷಕ್ಕೊಮ್ಮೆಯೂ ಬೇಡದ 'ಶಲ್ ಹ್ಯಾವ್ ಬೀನ್ ವರ್ಕಿಂಗ್'ಗೂ ಒಂದೊಂದು ದಿನದ ಪಾಠ. ಯಾವ ರೂಪ ಹೇಗಿರುತ್ತದೆ ಎಂದು ಹೇಳುತ್ತಾರೆ, ಯಾವಾಗ ಬಳಸಬೇಕು ಎಂಬಲ್ಲಿಗೆ ಬರುವಷ್ಟರಲ್ಲಿ ಬ್ಯಾಚ್ ಮುಗಿದಿರುತ್ತದೆ.

ರೂಪಗಳ ವಿಷಯಕ್ಕೆ ನಾವು ಹೆದರಬೇಕಾದ್ದೇ ಇಲ್ಲ. ಕನ್ನಡದಲ್ಲಿ ಮಾಡಿದೆ, ಮಾಡಿದ, ಮಾಡಿದಳು, ಮಾಡಿದರು, ಮಾಡಿತು ಎಂದು ಆಳಿಗೊಂದು ರೂಪ. ಇಂಗ್ಲಿಷಿನಲ್ಲಿ ಯಾರು ಮಾಡಿದರೂ 'ವರ್ಕ್ಡ್'. ನಿಯಮದಂತೆ ನಡೆಯುವ ಕ್ರಿಯಾಪದಕ್ಕೆ ಅಲ್ಲಿ ನಾಲ್ಕೇ ರೂಪ: ವರ್ಕ್, ವರ್ಕ್ಸ್, ವರ್ಕ್ಡ್, ವರ್ಕಿಂಗ್. ಉಳಿದದ್ದೆಲ್ಲ ಇವುಗಳ ಮುಂದೆ ಆಮ್, ಹ್ಯಾವ್, ವಿಲ್ ಸೇರಿಸಿದ್ದು. ಬರು ಎಂಬುದು ಬಂದ, ಕೊಡು ಎಂಬುದು ಕೊಟ್ಟ, ಸಾಯು ಎಂಬುದು ಸತ್ತ ಆಗುವ ಭಾಷೆಯನ್ನು ಶಾಲೆಗೆ ಸೇರುವ ಮೊದಲೇ ಕಲಿತವರು ನಾವು. (ಉಚ್ಚಾರಣೆ ಮಾತ್ರ ಯಾರೂ ಹೇಳಿಕೊಡಲಿಲ್ಲ. 'ವರ್ಕೆಡ್' ಅನ್ನಬಾರದು, ಕೊನೆಯಲ್ಲಿ ಟ್ ಎಂದಷ್ಟೇ ಕೇಳಬೇಕು. ಟ ಅಥವಾ ಡ ಶಬ್ದದಿಂದ ಮುಗಿಯುವ ಪದಗಳಿಗೆ ಮಾತ್ರ ಲೋಡೆಡ್, ವೇಟೆಡ್ ಎಂದು ಎಳೆತ ಬರುತ್ತದೆ.)

ತೊಡಕು ಇರುವುದು ಬೇರೆ ಕಡೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು ಮಾತು, ಶಾಲೆಯಲ್ಲಿ ಕನ್ನಡ. ಎರಡೂ ನಮ್ಮನ್ನು ಒಂದೇ ಜಾಗದಲ್ಲಿ ಎಡವಿಸುತ್ತವೆ. 'ದಿನಾ ಬರ್ತೀನಿ', 'ನಾಳೆ ಬರ್ತೀನಿ' ಎರಡಕ್ಕೂ ಒಂದೇ ಪದ. ತೆಲುಗಿನಲ್ಲೂ 'ರೋಜೂ ವಸ್ತಾನು', 'ರೇಪು ವಸ್ತಾನು'. ಇಂಗ್ಲಿಷ್ ಮಾತ್ರ ರೂಢಿಯನ್ನು ಒಂದು ಕಡೆ, ನಾಳೆಯನ್ನು ಇನ್ನೊಂದು ಕಡೆ ಇಡುತ್ತದೆ: 'ಐ ವರ್ಕ್ ಎವೆರಿ ಡೇ', 'ಐ ವಿಲ್ ವರ್ಕ್ ಟುಮಾರೊ'. ಅಮ್ಮ ಊಟಕ್ಕೆ ಕರೆದಾಗ ಮೊಬೈಲಿನಿಂದ ಕಣ್ಣೆತ್ತದೆ 'ಬಂದೆ' ಎನ್ನುವವರು ನಾವು. ಇಂಗ್ಲಿಷಿನಲ್ಲಿ ಆ ಸಲಿಗೆ ಇಲ್ಲ.

ನನ್ನನ್ನು ಬೀಳಿಸಿದ್ದು 'ಎರಡು ವರ್ಷದಿಂದ ಮಾಡುತ್ತಿದ್ದೇನೆ' ಎಂಬ ಮಾತು. ಕನ್ನಡಕ್ಕೆ ಅದು ಬರೀ ವರ್ತಮಾನ. ಹಾಗೇ ಭಾಷಾಂತರಿಸಿದರೆ 'ಐ ಆಮ್ ವರ್ಕಿಂಗ್ ಫ್ರಂ ಟು ಇಯರ್ಸ್' ಆಗುತ್ತದೆ, ಅದು ತಪ್ಪು ಎಂದು ಕ್ಲಾಸಿನಲ್ಲಿ ಬೈಸಿಕೊಂಡಿದ್ದೆ. ಆ ಭಯಕ್ಕೇ 'ವರ್ಕ್ಡ್' ಎಂದುಬಿಟ್ಟೆ. ಹಿಂದೆ ಶುರುವಾಗಿ ಇವತ್ತಿಗೂ ನಡೆಯುತ್ತಿರುವುದಕ್ಕೆ ಅವರು 'ಐ ಹ್ಯಾವ್ ಬೀನ್ ವರ್ಕಿಂಗ್ ಫಾರ್ ಟು ಇಯರ್ಸ್' ಎನ್ನುತ್ತಾರೆ. 'ವರ್ಕ್ಡ್' ಎಂದರೆ ಅಂಗಡಿ ಬಾಗಿಲು ಹಾಕಿದಂತೆ.

ಇದರ ತದ್ವಿರುದ್ಧ ತಪ್ಪು ನಮ್ಮ ಗೆಳೆಯರ ರೆಸ್ಯೂಮೆಗಳಲ್ಲಿ ಕಾಣುತ್ತದೆ. '2022ರಲ್ಲಿ ಬಿ.ಕಾಂ. ಮುಗಿಸಿದ್ದೇನೆ' ಎಂಬುದು ಒಳ್ಳೆಯ ಕನ್ನಡ. ಅದನ್ನೇ 'ಐ ಹ್ಯಾವ್ ಕಂಪ್ಲೀಟೆಡ್ ಬಿಕಾಂ ಇನ್ 2022' ಎಂದು ಬರೆಯುತ್ತೇವೆ. ಇಸವಿ, ನಿನ್ನೆ, ಹೋದ ವಾರ ಎಂದು ಮುಗಿದುಹೋದ ಸಮಯ ಹೇಳಿದ ಮೇಲೆ ಅಲ್ಲಿ 'ಹ್ಯಾವ್'ಗೆ ಜಾಗವಿಲ್ಲ. 'ಐ ಕಂಪ್ಲೀಟೆಡ್' ಸಾಕು. ಇಸವಿ ಹೇಳದಿದ್ದರೆ 'ಹ್ಯಾವ್ ಕಂಪ್ಲೀಟೆಡ್' ಸರಿ.

'ಇಂಗ್ಲಿಷಿನಲ್ಲೇ ಯೋಚನೆ ಮಾಡಿ' ಎಂಬ ಉಪದೇಶವನ್ನು ಎಲ್ಲರೂ ಕೇಳಿರುತ್ತೀರಿ. ನಾನು ಒಪ್ಪುವುದಿಲ್ಲ. ಬಾರದ ಭಾಷೆಯಲ್ಲಿ ಯೋಚನೆ ಮಾಡುವುದಾದರೂ ಹೇಗೆ? ನಮ್ಮ ಮಾತನ್ನೇ ಸರಿಯಾಗಿ ಕೇಳಿಸಿಕೊಂಡರೆ ಎಷ್ಟೋ ಕಡೆ ಅದೇ ದಾರಿ ತೋರಿಸುತ್ತದೆ. 'ನನಗೆ ಟ್ಯಾಲಿ ಗೊತ್ತು' ಎನ್ನುತ್ತೇವೆ, 'ಗೊತ್ತಿರುತ್ತಿದೆ' ಎನ್ನುವುದಿಲ್ಲ. ಹಾಗಿದ್ದೂ ಇಂಗ್ಲಿಷಿಗೆ ಬಂದ ಕೂಡಲೇ 'ಐ ಆಮ್ ನೋಯಿಂಗ್ ಟ್ಯಾಲಿ' ಎನ್ನುತ್ತೇವೆ. ದೊಡ್ಡ ಇಂಗ್ಲಿಷ್ ಮಾತಾಡಬೇಕೆಂಬ ಆತುರವಲ್ಲದೆ ಇನ್ನೇನು!

ಪರೀಕ್ಷೆಗೆ ಹನ್ನೆರಡೂ ಬೇಕಲ್ಲ ಎನ್ನಬಹುದು. ಬ್ಯಾಂಕ್, ಎಸ್‌ಎಸ್‌ಸಿ ಪರೀಕ್ಷೆಗಳಲ್ಲಿ ವಾಕ್ಯ ಕೊಟ್ಟು ತಪ್ಪು ಹುಡುಕಲು ಹೇಳುತ್ತಾರೆ. ಅಲ್ಲೂ ಸಿನ್ಸ್, ಫಾರ್, ಯೆಸ್ಟರ್‌ಡೇ ಮುಂತಾದ ಪದಗಳ ಪಕ್ಕದಲ್ಲಿ ಯಾವ ರೂಪ ನಿಲ್ಲುತ್ತದೆ ಎಂದು ತಿಳಿದವರಿಗೇ ಉತ್ತರ ಸಿಗುವುದು. ನಮ್ಮ ಕೋಚಿಂಗ್ ಸೆಂಟರ್‌ಗಳೂ ಕಾಲೇಜುಗಳೂ ಮೊದಲ ತಿಂಗಳು ಐದನ್ನೇ ಕಲಿಸಲಿ: ದಿನಾ ಮಾಡುವುದು, ಈಗ ಮಾಡುತ್ತಿರುವುದು, ಮಾಡಿ ಮುಗಿಸಿದ್ದು, ಅಂದಿನಿಂದ ಇಂದಿನವರೆಗೆ ನಡೆದು ಬಂದದ್ದು, ನಾಳೆ ಮಾಡುವುದು. ಉಳಿದ ಏಳು ಆಮೇಲೆ ಬರಲಿ.

ನಾನೀಗ ರಾತ್ರಿ ಮಂಡಿಯ ಲೆಕ್ಕ ಮುಗಿಸಿದ ಮೇಲೆ ಅದೇ ಪುಸ್ತಕದ ಕೊನೇ ಪುಟದಲ್ಲಿ ಐದು ಸಾಲು ಬರೆಯುತ್ತೇನೆ, ಐದು ಕಾಲಕ್ಕೆ ಒಂದೊಂದು. ನಿನ್ನೆಯ ಮೊದಲ ಸಾಲು 'ವಿ ಲೋಡೆಡ್ ಟು ಲಾರೀಸ್ ಟುಡೇ'. ಕೊನೆಯದು 'ಐ ವಿಲ್ ಅಟೆಂಡ್ ಆ್ಯನ್ ಇಂಟರ್‌ವ್ಯೂ ಆನ್ ಮಂಡೇ'.