ಇಸಿಎಂ ಹೋಗೈತೆ ಅಂದ್ರೆ, ಎಲ್ಲಿ ತೋರ್ಸಪ್ಪ ಅನ್ರಿ

ಈ ಸಲ ಭತ್ತ, ಅಡಿಕೆ ಬಿಟ್ಟು ಕಾರಿನ ವಿಚಾರ ಬರೀತಿದೀನಿ. ಉದ್ದ ಐತೆ, ಊಟ ಆದ್ಮೇಲೆ ಓದ್ರಿ.

ನಮ್ಮ ಸುತ್ತಮುತ್ತ ಹಳ್ಳಿಗಳಲ್ಲಿ ಈಗ ಮೂರು ಮನೆಗೊಂದು ಹಳೇ ಡೀಸೆಲ್ ಕಾರೋ, ಪಿಕಪ್ಪೋ ಇದ್ದೇ ಇರ್ತೈತೆ. ಎಪಿಎಂಸಿಗೂ ಅದೇ, ಮದುವೆಗೂ ಅದೇ, ರಾತ್ರಿ ಯಾರಿಗಾದ್ರೂ ಎದೆನೋವು ಬಂದ್ರೆ ದಾವಣಗೆರೆಗೆ ಓಡ್ಸೋದೂ ಅದೇ. ಅದು ಕೆಟ್ಟು ಗ್ಯಾರೇಜಿಗೆ ಹೋದ್ರೆ "ಇಸಿಎಂ ಹೋಗೈತೆ, ಹೊಸದು ಹಾಕ್ಬೇಕು" ಅನ್ನೋ ಮಾತು ಈಗೀಗ ಭಾಳ ಕೇಳ್ತಿದೀನಿ. ಕೇಳಿದ್ ಕೂಡ್ಲೇ ನಾವು ಸಾಲಕ್ಕೆ ಓಡಾಡ್ತೀವಿ. ನನ್ನ ಅಭಿಪ್ರಾಯ ಇಷ್ಟು: ಮೀಟರ್ ಹಿಡಿದು ನಮ್ಮ ಕಣ್ಮುಂದೆ ತೋರಿಸೋ ತನಕ ಆ ಡಬ್ಬಿಗೆ ಒಂದು ರೂಪಾಯಿ ಕೊಡಬಾರ್ದು. ಆದ್ರೆ ಹಂಗೆ ತೋರಿಸೋ ಕೆಲಸಕ್ಕೆ ಮಾತ್ರ ಕೇಳಿದಷ್ಟು ಕೂಲಿ ಕೊಡಬೇಕು.

ಇಸಿಎಂ ಅಂದ್ರೆ ಎಂಜಿನ್ನಿಗೆ ಎಷ್ಟು ಡೀಸೆಲ್ ಬಿಡಬೇಕು, ಯಾವಾಗ ಬಿಡಬೇಕು ಅಂತ ಲೆಕ್ಕ ಹಾಕೋ ಅಲ್ಯುಮಿನಿಯಂ ಡಬ್ಬಿ. ಸೆನ್ಸರುಗಳು ಸುದ್ದಿ ಕೊಡ್ತಾವೆ, ಅದು ಇಂಜೆಕ್ಟರಿಗೆ ಹುಕುಂ ಕೊಡ್ತೈತೆ. 2017ರ ಏಪ್ರಿಲ್‌ನಲ್ಲಿ ಬಿಎಸ್-4 ಇಡೀ ದೇಶಕ್ಕೆ ಬಂತು, 2020ರ ಏಪ್ರಿಲ್‌ನಲ್ಲಿ ಬಿಎಸ್-6. ಅಲ್ಲಿಂದೀಚೆಗೆ ಈ ಡಬ್ಬಿ ಇಲ್ಲದ ಹೊಸ ಕಾರು ಸಿಗಲ್ಲ. ಟ್ರ್ಯಾಕ್ಟರಿನವರು ನಮಗ್ಯಾಕೆ ಇದು ಅನ್ಬೇಡ್ರಿ. 50 ಎಚ್‌ಪಿ ಮೇಲಿನ ಹೊಸ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಟ್ರೆಮ್-4 ನಿಯಮ ಬಂದೈತೆ, ಅದರ ಜೊತೆಗೇ ಈ ಡಬ್ಬಿಯೂ ಬಂದೈತೆ. ನಾಳೆ ನಾಟಿ ಟೈಮಿಗೆ ಗದ್ದೆ ನಡುವೆ ನಿಂತ್ಕಂಡ್ರೆ ಇದೇ ಮಾತು ಕೇಳ್ಬೇಕು.

ನಮ್ಮ ಭಾವನ ಕಾರಿನ ಕಥೆ ಹೇಳ್ತೀನಿ. ಹತ್ತು ವರ್ಷದ ಡೀಸೆಲ್ ಕಾರು. ಅತ್ತೆಯವರಿಗೆ ಕಿಡ್ನಿ ತೊಂದರೆ, ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಕರ್ಕಂಡು ಹೋಗ್ಬೇಕು. ಒಂದಿನ ವಾಪಸ್ ಬರೋವಾಗ ಎಂ.ಸಿ.ಸಿ. ಬಡಾವಣೆ ಒಳಗೆ ತಿರುವಿನಲ್ಲಿ ಕಾರು ಸುಮ್ಮನೆ ಆಫ್ ಆಯ್ತು. ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಆಯ್ತು. ಮಾರನೇ ವಾರ ಮತ್ತೆ ಅದೇ ಕಥೆ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದ್ರು. ಆಕ್ಸಿಲರೇಟರ್ ಪೆಡಲ್, ರೈಲ್ ಪ್ರೆಶರ್, ಬೂಸ್ಟ್ ಪ್ರೆಶರ್ ಅಂತ ಬೇರೆ ಬೇರೆ ಸೆನ್ಸರಿನ ಐದು ತಪ್ಪು ಒಟ್ಟಿಗೇ ತೋರಿಸ್ತು. "ಇಷ್ಟೆಲ್ಲ ಒಂದೇ ಸಲ ಬಂದಾವೆ ಅಂದ್ರೆ ಇಸಿಎಂ ಹೋಗೈತೆ, 58,000 ಆಗ್ತೈತೆ" ಅಂದ್ರು. ಭಾವನ ಎರಡು ಎಕರೆ ಮೆಕ್ಕೆಜೋಳದಲ್ಲಿ ಖರ್ಚು ಕಳೆದು ಅಷ್ಟು ಉಳಿಯಲ್ಲ.

ಈಗ ನೀವೇ ಯೋಚನೆ ಮಾಡ್ರಿ. ಬೋರಿನ ಮೋಟರ್ ನಿಂತ್ರೆ ನಾವೇನು ಮಾಡ್ತೀವಿ? ಮೂರೂ ಫೇಸ್ ಬಂದಾವಾ ನೋಡ್ತೀವಿ. ಆಮೇಲೆ ಫ್ಯೂಸ್, ಸ್ಟಾರ್ಟರಿನ ಕಾಯಿಲ್, ಕೇಬಲ್ ಜಾಯಿಂಟ್. ಇಷ್ಟೆಲ್ಲ ಸರಿ ಇದ್ರೆ ಮಾತ್ರ ಪೈಪ್ ಎತ್ತೋ ಗಾಡಿ ಕರೆಸ್ತೀವಿ. ಯಾಕಂದ್ರೆ ಎತ್ತಿ ಇಳ್ಸೋ ಖರ್ಚು ನಮಗೆ ಗೊತ್ತು. ಕಾರಿನ ಬಾನೆಟ್ ತೆಗೆದ್ರೆ ಮಾತ್ರ ಈ ಬುದ್ಧಿ ಎಲ್ಲಿಗೆ ಹೋಗ್ತೈತೋ ಗೊತ್ತಿಲ್ಲ.

ಸೆನ್ಸರುಗಳಿಗೆ ಇಸಿಎಂನಿಂದ 5 ವೋಲ್ಟ್ ಕರೆಂಟ್ ಹೋಗ್ತೈತೆ. ಎಷ್ಟೋ ಗಾಡಿಗಳಲ್ಲಿ ಒಂದೇ 5 ವೋಲ್ಟ್ ಲೈನು ಮೂರ್ನಾಲ್ಕು ಸೆನ್ಸರಿಗೆ ಹಂಚಿಕೆ ಆಗಿರ್ತೈತೆ, ಒಂದೇ ಟಿಸಿಯಿಂದ ನಾಲ್ಕು ಬೋರು ಓಡಿದಂಗೆ. ಆ ಲೈನಿನಲ್ಲಿ ಎಲ್ಲೋ ಒಂದು ಕಡೆ ಶಾರ್ಟ್ ಆದ್ರೆ ಎಲ್ಲ ಸೆನ್ಸರೂ ಒಟ್ಟಿಗೇ ತಪ್ಪು ಹೇಳ್ತಾವೆ. ಐದು ತಪ್ಪು ಒಟ್ಟಿಗೆ ಬಂದ್ರೆ ಮೊದ್ಲು ಅನುಮಾನ ಪಡಬೇಕಾದ್ದು ಇದರ ಮೇಲೆ.

ಹರಿಹರದಲ್ಲಿ ಒಬ್ಬ ವಯಸ್ಸಾದ ಆಟೋ ಎಲೆಕ್ಟ್ರಿಷಿಯನ್ ಅದಾರೆ. ಕಿರ್ಲೋಸ್ಕರ್ ಲೇಥ್ ಮಾಡಿದ ಊರಲ್ವಾ, ಅಲ್ಲಿನ ಹಳೇ ಕೈಗಳಿಗೆ ಅಳತೆ ಮಾಡದೆ ಮಾತಾಡೋ ಅಭ್ಯಾಸ ಇಲ್ಲ. ಅವರು ಸ್ಕ್ಯಾನರ್ ಮುಟ್ಟಲೇ ಇಲ್ಲ. ಮೊದಲು ಬ್ಯಾಟರಿ: ಸುಮ್ಮನಿದ್ದಾಗ 12.5, ಸೆಲ್ಫ್ ಹೊಡೆದಾಗ 10ಕ್ಕಿಂತ ಕೆಳಗೆ ಇಳೀಲಿಲ್ಲ, ಎಂಜಿನ್ ಓಡೋವಾಗ 14. ಆಮೇಲೆ ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಎಂಜಿನ್ ಮೈಗೆ ಇಟ್ಟು ಸೆಲ್ಫ್ ಹೊಡೆಸಿದ್ರು. ಇದು ಅರ್ಧ ವೋಲ್ಟ್ ದಾಟಿದ್ರೆ ಅರ್ಥಿಂಗ್ ತುಕ್ಕು ಹಿಡಿದೈತೆ ಅಂತ ಲೆಕ್ಕವಂತೆ. ಅದೂ ಸರಿ ಇತ್ತು. ಆಮೇಲೆ ಪೆಡಲ್ ಸೆನ್ಸರಿನ ಪ್ಲಗ್‌ನಲ್ಲಿ 5 ವೋಲ್ಟ್ ನೋಡ್ತಾ ವೈರಿನ ಕಟ್ಟನ್ನ ಕೈಯಲ್ಲಿ ಅಲ್ಲಾಡಿಸ್ತಾ ಹೋದ್ರು. ಬ್ಯಾಟರಿ ಟ್ರೇ ಹತ್ರ ಬಂದಾಗ 5 ಇದ್ದದ್ದು ಸೊನ್ನೆ ಹತ್ರ ಬಿತ್ತು! ಸೆನ್ಸರುಗಳನ್ನ ಒಂದೊಂದಾಗಿ ಕಿತ್ತರೂ ಮೇಲೆ ಬರಲಿಲ್ಲ, ಅಂದ್ರೆ ಸೆನ್ಸರಿನ ತಪ್ಪಲ್ಲ. ಕೊನೆಗೆ ಇಸಿಎಂನ ಪ್ಲಗ್‌ನಿಂದ ಆ ಒಂದು ವೈರಿನ ಪಿನ್ ಮಾತ್ರ ಹೊರಗೆ ತೆಗೆದು, ಇಸಿಎಂ ಬಾಯಲ್ಲೇ ಅಳೆದ್ರು. ಪೂರ್ತಿ 5 ವೋಲ್ಟ್. ಡಬ್ಬಿ ಗಟ್ಟಿಮುಟ್ಟಾಗಿತ್ತು. ಟೇಪ್ ಬಿಚ್ಚಿದ್ರೆ ವೈರನ್ನ ಇಲಿ ಕಡಿದು, ತಾಮ್ರ ಕಬ್ಬಿಣದ ಪಟ್ಟಿಗೆ ತಾಗ್ತಿತ್ತು. ಮೆಕ್ಕೆಜೋಳದ ಚೀಲ ಒಟ್ಟಿದ ಶೆಡ್ಡಿನಲ್ಲೇ ಕಾರು ನಿಲ್ಲಿಸೋದು, ಇಲಿಗೇನು ಕಡಿಮೆ. ಎರಡು ತಾಸಿನ ಕೆಲಸ, 1,200 ತಗಂಡ್ರು.

ಇದನ್ನ ಓದಿ ಗ್ಯಾರೇಜಿನವರೆಲ್ಲ ಮೋಸಗಾರರು ಅಂತ ಕಾಮೆಂಟ್ ಹಾಕ್ಬೇಡ್ರಿ. ತಪ್ಪು ನಮ್ಮ ಕಡೆನೂ ಐತೆ. ಎರಡು ತಾಸು ಹುಡುಕಿದ್ದಕ್ಕೆ 1,000 ಕೊಡು ಅಂದ್ರೆ "ಏನು ಪಾರ್ಟ್ ಹಾಕೀಯಪ್ಪ?" ಅಂತ ಜಗಳ ತೆಗೀತೀವಿ. ಹೊಸ ಡಬ್ಬಿ ಹಾಕಿ 58,000 ಬಿಲ್ ಕೊಟ್ರೆ ಬಾಯ್ಮುಚ್ಚಿ ಕೊಡ್ತೀವಿ. ಹುಡುಕೋದಕ್ಕೆ ಕೂಲಿ ಇಲ್ಲ ಅಂದ್ಮೇಲೆ ಯಾರು ಹುಡುಕ್ತಾರೆ?

ಇಸಿಎಂ ನಿಜವಾಗ್ಲೂ ಹೋಗೋದೂ ಉಂಟು. ನಮ್ಮೂರಿನ ಒಂದು ಪಿಕಪ್ಪಿಗೆ ಬ್ಯಾಟರಿ ಬಿಚ್ಚದೆ ಕ್ಯಾರಿಯರ್ ವೆಲ್ಡಿಂಗ್ ಮಾಡಿದ್ರು, ಅವತ್ತೇ ಮಲಗ್ತು. ಸ್ಕ್ಯಾನರಿಗೆ ಇಸಿಎಂ ಮಾತೇ ಆಡಲಿಲ್ಲ. ಮಾತಾಡಲಿಲ್ಲ ಅಂದ ಮಾತ್ರಕ್ಕೆ ಸತ್ತೈತೆ ಅಂತಲ್ಲ, ಫ್ಯೂಸ್ ಹೋದ್ರೂ, ಮೇನ್ ರಿಲೇ ಹೋದ್ರೂ ಹಂಗೇ ಆಗ್ತೈತೆ. ಇಲ್ಲಿ ಫ್ಯೂಸ್, ರಿಲೇ, ಇಸಿಎಂ ಪ್ಲಗ್‌ಗೆ ಬರೋ ಪ್ಲಸ್ಸು ಮೈನಸ್ಸು ಎಲ್ಲ ಸರಿ ಇದ್ವು. ಬ್ಯಾಟರಿ ಬಿಚ್ಚಿ ಸ್ಕ್ಯಾನರ್ ಹಾಕೋ ಪ್ಲಗ್‌ನ 6 ಮತ್ತು 14ನೇ ಪಿನ್ ನಡುವೆ ಅಳೆದ್ರೆ 60 ಓಮ್ ಇತ್ತು, ಅಂದ್ರೆ ಆ ಲೈನೂ ಸರಿ. ಆದ್ರೆ ವೈರಿನ ಪಿನ್ ತೆಗೆದು ನೋಡಿದ್ರೂ 5 ವೋಲ್ಟ್ ಹುಟ್ಟಲಿಲ್ಲ. ಹಿಂಗೆ ತೋರಿಸಿದ್ಮೇಲೆ ಅದು ಹೋಗೈತೆ ಅಂತ ಒಪ್ಪಬೇಕು.

ಆಗ್ಲೂ ಸೀದಾ ಹೊಸದಕ್ಕೆ ಹೋಗ್ಬೇಡ್ರಿ. ಬೋರ್ಡ್ ರಿಪೇರಿ ಮಾಡೋರು ಬೆಂಗಳೂರಲ್ಲಿ ಅದಾರೆ. ಆ ಪಿಕಪ್ಪಿನದು ಹಂಗೇ ರಿಪೇರಿ ಆಗಿ ಬಂತು. ರಿಪೇರಿ ಆದ್ರೆ ಒಳಗಿನ ಲೆಕ್ಕ ಹಂಗೇ ಉಳೀತೈತೆ, ಬೀಗದ ಕೈಗೆ ಮತ್ತೆ ಜೋಡಿಸೋ ತಾಪತ್ರಯ ಇಲ್ಲ. ಹೊಸದಾದ್ರೆ ನಿಮ್ಮ ಗಾಡಿಯ ಸಾಫ್ಟ್‌ವೇರ್ ತುಂಬಬೇಕು, ಕೀಲಿ ಜೋಡಿಸಬೇಕು, ಡೀಸೆಲ್ಲಿಗೆ ನಾಲ್ಕೂ ಇಂಜೆಕ್ಟರಿನ ಮೇಲಿನ ಕೋಡ್ ಬರೀಬೇಕು. ಇದೆಲ್ಲ ರೇಟಿನಲ್ಲಿ ಸೇರೈತಾ ಅಂತ ಮೊದಲೇ ಕೇಳ್ರಿ. ಗುಜರಿಯ ಡಬ್ಬಿ ಕಡಿಮೆಗೆ ಸಿಗ್ತೈತೆ ಅಂತ ತಂದ್ರೆ, ಹೊರಗಿನ ಪಾರ್ಟ್ ನಂಬರ್ ಒಂದೇ ಇದ್ರೂ ಒಳಗಿನ ಸಾಫ್ಟ್‌ವೇರ್ ಬೇರೆ ಇರಬಹುದು, ಕೀಲಿ ಒಪ್ಪದೆ ಸ್ಟಾರ್ಟೇ ಆಗಲ್ಲ. ಹಳೇದರ ಲೆಕ್ಕವನ್ನ ಅದಕ್ಕೆ ಕಾಪಿ ಮಾಡೋರು ಸಿಕ್ರೆ ಮಾತ್ರ ತಗಳ್ರಿ. ಎಲ್ಲಕ್ಕಿಂತ ಮುಖ್ಯ, ಅದು ಯಾಕೆ ಸುಡ್ತು ಅಂತ ಗೊತ್ತಾಗ್ಲಿ. ಇಂಜೆಕ್ಟರ್ ಶಾರ್ಟ್ ಆಗಿ ಸುಟ್ಟಿದ್ರೆ ಹೊಸದೂ ಸುಡ್ತೈತೆ. ಹಳೇ ಡಬ್ಬಿ ಕೇಳಿ ವಾಪಸ್ ಇಸ್ಕಳ್ರಿ.

ಇನ್ನೊಂದು ಮಾತು. ದಾವಣಗೆರೆಯಲ್ಲಿ 1951ರಿಂದ ಎಂಜಿನಿಯರಿಂಗ್ ಕಾಲೇಜು ಐತೆ, ಐಟಿಐ ಓದಿದ ಹುಡುಗರು ಪ್ರತಿ ಊರಲ್ಲೂ ಅದಾರೆ. ನಮ್ಮ ಸಹಕಾರ ಸಂಘದವರು ಗೊಬ್ಬರದ ಜೊತೆಗೆ ಒಂದು ಸ್ಕ್ಯಾನರ್, ಒಂದು ಒಳ್ಳೇ ಮೀಟರ್ ಇಟ್ಟು, ಒಬ್ಬ ಹುಡುಗನಿಗೆ ಆರು ತಿಂಗಳು ಹರಿಹರದಂಥ ಕೈ ಹತ್ರ ಕಲಿಸಿದ್ರೆ ಏನು ಕಷ್ಟ? ಮುಂದಿನ ಸಭೆಯಲ್ಲಿ ನಾನು ಎತ್ತೋನೇ. ನೀವೂ ಬಂದು ಕೈ ಎತ್ರಿ.

ಅಲ್ಲೀತನಕ ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ಬಿಚ್ರಿ, ಬಾನೆಟ್ ತೆಗೆದು ಪಂಪ್‌ಸೆಟ್ ನೀರು ಹೊಡೀಬೇಡ್ರಿ, ಚೀಲದ ಶೆಡ್ಡಿನಿಂದ ಗಾಡಿ ಆಚೆ ನಿಲ್ಲಿಸ್ರಿ. ನನ್ನ ಮೀಟರ್ ಬೇಕಾದೋರು ಬಂದು ಒಯ್ಯಿರಿ, ಸೆಲ್ ಮಾತ್ರ ನೀವೇ ತರ್ರಿ.